ಬೀಜದ ಕಾಯಿಗೆ ಕಟ್ಟಿದ ಚಿಂದಿ

ಹಳೆಯ ಹತ್ತಿ ಸೀರೆಯನ್ನು ಹರಿಯುವಾಗ ಬರುವ ಸದ್ದು ನನಗೆ ಬಹಳ ಇಷ್ಟ. ಅಂಚನ್ನು ಹಲ್ಲಿನಿಂದ ಒಂದಿಷ್ಟು ಕಚ್ಚಿ, ಎರಡೂ ಕೈಯಲ್ಲಿ ಹಿಡಿದು ಎಳೆದರೆ ಪರ್ರ್ ಎಂದು ಕತ್ತರಿಗೂ ಬಾರದಷ್ಟು ನೆಟ್ಟಗೆ ಹರಿಯುತ್ತದೆ. ಮನಸ್ಸು ಕೆಟ್ಟಾಗ ಕೆಲವರು ಪಾತ್ರೆ ತಿಕ್ಕುತ್ತಾರಂತೆ, ಕೆಲವರು ಮೊಬೈಲು ನೋಡುತ್ತಾ ಕೂರುತ್ತಾರಂತೆ. ನಾನು ಟ್ರಂಕು ತೆಗೆದು ಸೀರೆ ಹರಿಯುತ್ತೇನೆ. ಹರಿದದ್ದನ್ನು ಬಿಸಾಕುವುದಿಲ್ಲ ಮತ್ತೆ. ಮಡಿಸಿ ಅದೇ ಟ್ರಂಕಿನಲ್ಲಿ ಇಡುತ್ತೇನೆ. ನಮ್ಮ ಅತ್ತೆ ಇದನ್ನು ನೋಡಿ, ತಮ್ಮ ಮಗನಿಗೆ ಎಂಥ ಹೆಂಡತಿ ಸಿಕ್ಕಳು ಎಂದು ಮೊದಮೊದಲು ಹೆದರಿದ್ದರು.

ಮೊನ್ನೆ ಬಟ್ಟೆ ನೆನೆಸುವ ಮುಂಚೆ ರೂಢಿಯಂತೆ ನಮ್ಮ ಮನೆಯವರ ಅಂಗಿಯ ಜೇಬು ತಡಕಿದೆ. ರೈಲಿನ ಟಿಕೆಟಿನ ಚೂರು, ಕೊಂಚ ಅಡಿಕೆಪುಡಿ, ಅದರ ಜೊತೆಗೊಂದು ಹಸಿರು ಚಿಂದಿ. ಬಣ್ಣ ಅರ್ಧ ಹೋಗಿದೆ, ಎಣ್ಣೆಯ ಕಲೆ ಹತ್ತಿದೆ, ಅದಕ್ಕೆ ಹಾಕಿದ್ದ ಗಂಟು ಮಾತ್ರ ಹಾಗೇ ಇದೆ. ಅದನ್ನು ನಾನು ಒಗೆಯಲೂ ಇಲ್ಲ, ಬಿಚ್ಚಲೂ ಇಲ್ಲ. ಇಸ್ತ್ರಿ ಮಾಡಿಟ್ಟ ಇನ್ನೊಂದು ಅಂಗಿಯ ಜೇಬಿಗೆ ಹಾಕಿ ಸುಮ್ಮನಾದೆ. ಆದರೆ ಅವತ್ತಿಡೀ ದಿನ ಕೆಲಸ ಓಡಲಿಲ್ಲ. ಆ ಚಿಂದಿಯ ಕತೆ ಹೇಳಿಬಿಟ್ಟರೆ ಹಗುರಾಗಬಹುದು ಅನ್ನಿಸಿ ಕೂತಿದ್ದೇನೆ.

ನಾನು ಹಳ್ಳಿಯವಳಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಮೋಸ ಅನ್ನಬಾರದು. ನಮ್ಮಪ್ಪ ಹೈದರಾಬಾದಿನ ಒಂದು ಸರಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಾನು ಹುಟ್ಟಿದ್ದು, ಬೆಳೆದದ್ದು ಎಲ್ಲಾ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಮೇನ್ ರೋಡ್ ದಾಟಿದರೆ ಹಿಂದಿ. ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿಗೆ ಕರೆದೊಯ್ದರೆ ಎಮ್ಮೆ ಕಂಡಲ್ಲಿ ಅಳುತ್ತಿದ್ದೆ. ನಮ್ಮ ಮನೆಯವರು, ಶರಣಪ್ಪ ಅಂತ ಹೆಸರು, ರಾಯಚೂರು ಸೀಮೆಯ ಅಚ್ಚ ಹಳ್ಳಿಯವರು. ಎತ್ತು ಮೇಯಿಸಿದವರು, ಹತ್ತಿ ಬಿಡಿಸಿದವರು, ಅದೆಲ್ಲ ಸಾಕು ಎಂದು ಐಟಿಐ ಮಾಡಿ ಸನತ್‌ನಗರದ ಒಂದು ಫ್ಯಾಕ್ಟರಿಯಲ್ಲಿ ಲೇತ್ ಮಷೀನು ಹಿಡಿದವರು. ಹೀಗಾಗಿ ನಮ್ಮ ಮನೆಯಲ್ಲಿ ಮಣ್ಣಿನ ಮೇಲೆ ಪ್ರೀತಿ ಇರುವುದು ಮಣ್ಣು ಗೊತ್ತಿಲ್ಲದ ನನಗೆ. ಗೊತ್ತಿರುವ ಅವರಿಗೆ ಫ್ಲ್ಯಾಟು, ಲಿಫ್ಟು, ಇಪ್ಪತ್ತನಾಲ್ಕು ತಾಸು ನಲ್ಲಿ ನೀರು.

ಕೂಕಟ್‌ಪಲ್ಲಿಯ ಐದನೇ ಮಹಡಿಯಲ್ಲಿ ನಾವು ಆರಾಮಾಗಿಯೇ ಇದ್ದೆವು. ಕೆಟ್ಟದ್ದು ಒಂದು ಹಿಡಿ ಮಣ್ಣಿನಿಂದ. ದೊಡ್ಡ ಮಗಳು ಗೌರಿಗೆ ಶಾಲೆಯಲ್ಲಿ ಕಾಳು ಮೊಳಕೆ ಬರಿಸಬೇಕು, ಮನೆಯಿಂದ ಮಣ್ಣು ತನ್ನಿ ಎಂದಿದ್ದರು. ನಾನು ಚಮಚ ಹಿಡಿದು ಕೆಳಗಿಳಿದೆ. ಅಪಾರ್ಟ್‌ಮೆಂಟಿನ ಸುತ್ತ ಟೈಲ್ಸು, ಓಣಿಗೆ ಸಿಮೆಂಟು, ಪಾರ್ಕಿಗೆ ಬೀಗ. ಕೊನೆಗೆ ಮೆಟ್ರೋ ಕಂಬದ ಕೆಳಗೆ, ರಸ್ತೆಯ ನಡುವೆ ಸಾಲಾಗಿ ನೆಟ್ಟ ಗಿಡಗಳ ಬುಡದಿಂದ ಮಣ್ಣು ತೋಡುತ್ತಿದ್ದಾಗ ಟ್ರಾಫಿಕ್ ಪೊಲೀಸ್ ಸೀಟಿ ಊದಿದ. "ಕ್ಯಾ ಕರ್‌ರೈ ಅಮ್ಮಾ ಉಧರ್?" ಎಂದ, ಅಲ್ಲೇನು ಮಾಡುತ್ತಿದ್ದೀ ಅಂತ. ನಾನು ಮಣ್ಣು ಕದಿಯುತ್ತಿದ್ದೇನೆ ಎಂದು ಯಾವ ಭಾಷೆಯಲ್ಲಿ ಹೇಳಲಿ? ಮಣ್ಣನ್ನು ಸೆರಗಿಗೆ ಕಟ್ಟಿಕೊಂಡು ಓಡಿದೆ. ಆ ಸಂಜೆಯೇ ಹಟ ಹಿಡಿದೆ, ನನ್ನ ಮಕ್ಕಳು ಮಣ್ಣಿದ್ದ ಕಡೆ ಬೆಳೆಯಬೇಕು ಅಂತ.

ನನ್ನ ಹಟ ನಮ್ಮ ಮನೆಯವರಿಗೆ ಗೊತ್ತಿದ್ದದ್ದೇ. ಹೂಂ ಅನ್ನಿಸಿಕೊಳ್ಳುವ ತನಕ ನಾನು ಪಲ್ಯಕ್ಕೆ ಉಪ್ಪು ಹಾಕುವುದಿಲ್ಲ. ಒಂದು ವಾರ ಸಪ್ಪೆ ಉಂಡ ಮೇಲೆ ಅವರು ಶಂಕರಪಲ್ಲಿಯ ಆಚೆ, ಹೊಲಗಳ ನಡುವೆ ಬಾಡಿಗೆಗಿದ್ದ ಎರಡು ಕೋಣೆಯ ಮನೆಗೆ ಒಪ್ಪಿದರು. ಮುಂದೊಂದು ಕಟ್ಟೆ, ಬಾಗಿಲಲ್ಲಿ ಬೇವಿನ ಮರ, ಹಿಂದೆ ಬೋರ್‌ವೆಲ್ಲು. ಕೂಕಟ್‌ಪಲ್ಲಿಯ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟೆವು. ಅವರು ನಸುಕಿನಲ್ಲಿ ಬೈಕಿನ ಮೇಲೆ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ರೈಲು ಹಿಡಿದು ಸನತ್‌ನಗರಕ್ಕೆ ಹೋಗಬೇಕು. "ನಾ ಹಳ್ಳಿ ಬಿಟ್ಟು ಓಡಿ ಬಂದೆ. ನೀ ನನ್ನ ಕೊಳ್ಳಪಟ್ಟಿ ಹಿಡದು ವಾಪಸ್ ತಂದಿ ನೋಡು" ಎಂದು ಸಾಮಾನು ಇಳಿಸುವಾಗಲೇ ಅಂದರು. ನಮ್ಮ ಅತ್ತೆ ಗುರಮ್ಮನವರಂತೂ ಈ ಮನೆ ನೋಡಿ ಕಣ್ಣೀರೇ ಹಾಕಿದರು. "ನಾವು ಹೊಲದಾಗ ಸತ್ತಿದ್ದು ನೀವು ಫ್ಯಾನಿನ ಕೆಳಗ ಕೂಡ್ಲಿ ಅಂತ. ನೀ ನನ್ನ ಮಮ್ಮಕ್ಕಳಿಗೆ ಮತ್ತ ಮಣ್ಣ ತಿನ್ನಸಾಕತ್ತಿ" ಎಂದರು. ಅವರ ಮಾತು ಸುಳ್ಳಲ್ಲ. ಸಣ್ಣವಳು ನೀಲಾ ಆ ಹೊತ್ತಿಗೆ ಬೇವಿನ ಮರದ ಕೆಳಗೆ ಕೂತು ನಿಜವಾಗಿಯೂ ಮಣ್ಣು ತಿನ್ನುತ್ತಿದ್ದಳು.

ಇನ್ನು ನನ್ನ ಕೈಗಾರಿಕೆಗಳ ಬಗ್ಗೆ ಹೇಳಬೇಕು. ಮೊಬೈಲಿನಲ್ಲಿ ನೋಡಿ ನೋಡಿ ನನಗೆ ಎಲ್ಲವೂ ಬರುತ್ತದೆ ಅನ್ನಿಸಿತ್ತು. ಮೊದಲು ಮಣ್ಣಿನ ಒಲೆ. ಮಕ್ಕಳಿಬ್ಬರೂ ಮೊಣಕಾಲತನಕ ಕೆಸರು ತುಳಿದರು, ಗೌರಿ ಒಲೆಗೆ ಕಣ್ಣು ಮೂಗು ಇಟ್ಟಳು. ಇಲ್ಲಿಯದು ಕೆಂಪು ಮೊರಂ ಮಣ್ಣು, ಬರೀ ಹರಳು. ಮೂರನೇ ದಿನಕ್ಕೆ ಒಲೆ ಹಣೆಯಿಂದ ಗದ್ದದ ತನಕ ಸೀಳಿತು. ಆಮೇಲೆ ಬೋದೆ ಹುಲ್ಲಿನ ಕಸಬರಿಗೆ. ಅದರಿಂದ ಒಂದು ಕೋಣೆ ಗುಡಿಸಿದರೆ ಗುಡಿಸುವ ಮುಂಚೆ ಇದ್ದದ್ದಕ್ಕಿಂತ ಹೆಚ್ಚು ಕಸ ಬೀಳುತ್ತಿತ್ತು. ಮುತ್ತುಗದ ಎಲೆಗೆ ಬೇವಿನ ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚುವುದನ್ನು ಗೌರಿ ನನಗಿಂತ ಬೇಗ ಕಲಿತಳು, ಆದರೆ ಪ್ರೀತಿ ಹೆಚ್ಚಾಗಿ ಅಷ್ಟೊಂದು ಕಡ್ಡಿ ಚುಚ್ಚುತ್ತಿದ್ದಳು ಎಂದರೆ ಅನ್ನ ಎಲೆಯ ಮೇಲೆ ಉಳಿದು ಸಾರು ನೆಲ ಸೇರುತ್ತಿತ್ತು. ಸೆಗಣಿ ಸಾರಿಸಿದ ಕಟ್ಟೆಯ ಮೇಲೆ ನಮ್ಮ ಮನೆಯವರು ಫ್ಯಾಕ್ಟರಿಗೆ ಹಾಕುವ ಪ್ಯಾಂಟಿನಲ್ಲಿ ಜಾರಿ ಬಿದ್ದದ್ದನ್ನು ಇಲ್ಲಿ ಬರೆಯಬಾರದು ಎಂದು ಅವರು ಹೇಳಿದ್ದಾರೆ. ಮಕ್ಕಳು ಮಾತ್ರ ಇಷ್ಟೆಲ್ಲದರಲ್ಲಿ ಕುಣಿಯುತ್ತಿದ್ದರು. ಅವರ ಕೈಕಾಲಿನ ಕೆಸರನ್ನು ಸಂಜೆ ಬೋರ್‌ವೆಲ್ಲಿನ ನೀರಿನಲ್ಲಿ ತೊಳೆಯುವಾಗ ನನಗೆ ಸುಖವೆನಿಸುತ್ತಿತ್ತು, ಅದನ್ನು ಮುಚ್ಚಿಡುವುದೇನು.

ಬಿದ್ದ ದಿನ ಸಂಜೆ ಅವರು ಸೊಂಟಕ್ಕೆ ಬಿಸಿನೀರಿನ ಚೀಲ ಹಿಡಿದುಕೊಂಡು ಕೇಳಿದರು. "ಇಷ್ಟ ದಿನಾ ಆತು. ಇಲ್ಲಿ ನೀ ಮಾಡಿದ್ದು ಒಂದರೆ ಕೆಲಸಕ್ಕ ಬಂದೈತೇನು? ಒಂದ ಒಂದು ಹೇಳು."

ಸುಮ್ಮನಿರುವ ಜಾತಿಯಲ್ಲ ನಾನು. ಮದುವೆಯಾದ ಹೊಸದರಲ್ಲಿ ಅವರೇ ಒಂದು ಸಂಗತಿ ಹೇಳಿದ್ದರು. ಅವರಪ್ಪ ಹೊಲಕ್ಕೆ ಹೋಗುವಾಗ ಒಣಗಿದ ಸೋರೆಕಾಯಿಯ ಬುರುಡೆಯಲ್ಲಿ ನೀರು ಒಯ್ಯುತ್ತಿದ್ದರಂತೆ. ಎಂಥ ಬಿಸಿಲಿಗೂ ನೀರು ತಣ್ಣಗೆ ಇರುತ್ತಿತ್ತಂತೆ. ಆ ನೀರಿನ ರುಚಿ ಹೇಳುವಾಗ ಲೇತ್ ಹಿಡಿಯುವ ಈ ಗಟ್ಟಿ ಮನುಷ್ಯನ ದನಿ ಸ್ವಲ್ಪ ಮೆತ್ತಗಾಗಿತ್ತು. ನಾನು ಹಳ್ಳಿಯ ಕನಸು ಕಾಣಲು ಶುರು ಮಾಡಿದ್ದೇ ಆ ಬುರುಡೆಯಿಂದ ಇರಬೇಕು.

"ನಾ ಸೋರೆ ಬುರುಡಿ ಮಾಡ್ತೀನಿ. ನಿಮ್ಮಪ್ಪ ಕುಡದಂಥ ನೀರು ಕುಡಸ್ತೀನಿ" ಎಂದೆ.

ಅವರು ನಕ್ಕರು. "ಅದು ನೀ ಮಾಡೋದಲ್ಲವಾ, ಬಳ್ಳಿ ಮಾಡೋದು. ಕಾಯಿ ಬಳ್ಳಿಮ್ಯಾಲೆ ಒಣಗಿ, ಒಳಗ ಬೀಜ ಗಲ್ ಗಲ್ ಅನ್ನೋತನಕ ಕಾಯಬೇಕು. ನೀ ಅಷ್ಟು ದಿನಾ ಕಾಯಿ ನೋಡಕೋತ ಪಲ್ಯ ಮಾಡಲಾರ್ದ ಇರ್ತಿಯೇನು?"

"ಇರ್ತೀನಿ."

"ಹಂಗಾದ್ರ ಮಾತು. ಬುರುಡಿ ಆತು ಅಂದ್ರ ಇಲ್ಲೇ ಇರೂನು, ನಾ ಬಾಯಿ ತೆಗಿಯಂಗಿಲ್ಲ. ಆಗಲಿಲ್ಲ ಅಂದ್ರ ಫ್ಲ್ಯಾಟ್ ಖಾಲಿ ಆದ ಕೂಡ್ಲೆ ಗಂಟುಮೂಟಿ ಕಟ್ಟೋದು. ನೀ ಬಾಯಿ ತೆಗಿಬಾರ್ದು."

ಹೀಗೆ ನಮ್ಮ ಸಂಸಾರದ ಹಣೆಬರಹವನ್ನು ಒಂದು ಸೋರೆಕಾಯಿಗೆ ಒಪ್ಪಿಸಿದೆವು.

ಬೀಜ ಕೊಟ್ಟವಳು ಪಕ್ಕದ ಹೊಲದ ಯಾದಮ್ಮ. ಪೇಟೆಯ ಉದ್ದನೆಯ ಕಾಯಿಯದಲ್ಲ, ಕುತ್ತಿಗೆ ಸಣ್ಣ, ಹೊಟ್ಟೆ ದುಂಡಗೆ ಇರುವ ಜಾತಿಯದು. ಅವಳ ಮಾವ ಕಳ್ಳು ಇಳಿಸುತ್ತಿದ್ದಾಗ ಅದನ್ನೇ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರಂತೆ. ಬೀಜ ಊರಿದ್ದು ಗೌರಿ, ನೀರು ಹಾಕಿದ್ದು ನೀಲಾ, ಹಾಕಿ ಹಾಕಿ ಮೊದಲ ಬೀಜಗಳನ್ನು ಕೊಳೆಸಿದ್ದೂ ಅವಳೇ. ಎರಡನೇ ಸಲ ಊರಿದ್ದು ಹುಟ್ಟಿ, ಚಪ್ಪರಕ್ಕೆ ಹಬ್ಬಿ, ಸಂಜೆ ಹೊತ್ತಿಗೆ ಬಿಳೀ ಹೂ ಬಿಡಲು ಶುರುವಾಯಿತು. ಹೀಚು ಕಟ್ಟಿದಾಗ ಮಕ್ಕಳು ಅದರ ಮೈಮೇಲಿನ ನವಿರು ರೋಮವನ್ನು ಸವರಿ ಸವರಿ ನಕ್ಕರು.

ಆಗ ನಮ್ಮ ಮನೆಯವರು ಹೇಳಿಕೊಟ್ಟದ್ದು ಈ ಚಿಂದಿಯ ಪದ್ಧತಿ. ಅವರ ಊರಿನಲ್ಲಿ ಬಳ್ಳಿಯ ಒಳ್ಳೆಯದೊಂದು ಕಾಯನ್ನು ಬೀಜಕ್ಕೆ ಬಿಡುತ್ತಾರೆ. ಬಿಟ್ಟ ಗುರುತಿಗೆ ತೊಟ್ಟಿಗೊಂದು ಚಿಂದಿ ಕಟ್ಟುತ್ತಾರೆ. ಚಿಂದಿ ಕಟ್ಟಿದ ಕಾಯನ್ನು ಮನೆಯವರು, ನೆರೆಯವರು, ದಾರಿಹೋಕರು ಯಾರೂ ಮುಟ್ಟುವುದಿಲ್ಲ. ಹಸಿದು ಬಂದವನೂ ಪಕ್ಕದ ಕಾಯಿ ಹರಿದುಕೊಳ್ಳುತ್ತಾನೆ, ಅದನ್ನು ಬಿಡುತ್ತಾನೆ. ನಾನು ಖುಷಿಯಿಂದ ಟ್ರಂಕು ತೆಗೆದು, ಬಾಣಂತನದಲ್ಲಿ ಉಟ್ಟ ಹಸಿರು ಸೀರೆಯ ಅಂಚು ಹರಿದು, ಎಲ್ಲಕ್ಕಿಂತ ಚೆಂದದ ಹೀಚಿಗೆ ಬಿಗಿಯಾಗಿ ಕಟ್ಟಿದೆ. ವಾರದಲ್ಲಿ ಅದು ಹಳದಿಯಾಗಿ ಉದುರಿತು.

"ಉರುಲು ಹಾಕಿದಂಗ ಕಟ್ಟಿದ್ರ ಇನ್ನೇನಾಗ್ತೈತಿ?" ಎಂದರು ಅವರು. "ಬೀಜಕ್ಕ ಬಿಟ್ಟಿದ್ದಕ್ಕ ಸಡಲ ಕಟ್ಟಬೇಕು. ತೊಟ್ಟು ದಪ್ಪ ಆಗಾಕ ಜಾಗ ಬೇಕಿಲ್ಲೇನು?" ಆ ಚಿಂದಿಯನ್ನೇ ಬಿಚ್ಚಿ ಇನ್ನೊಂದಕ್ಕೆ ಸಡಿಲಾಗಿ ಕಟ್ಟಿದೆ. ಉಳಿದವೆಲ್ಲ ಪಲ್ಯ, ಸಾಂಬಾರು, ದೋಸೆ ಎಂದು ಕರಗಿಹೋದವು, ಆ ಕಾಯಿ ಮಾತ್ರ ಚಪ್ಪರದಿಂದ ಇಳಿಬಿದ್ದು ದಿನದಿನಕ್ಕೆ ಹೊಟ್ಟೆ ಬಿಟ್ಟಿತು. ಬೆಳಿಗ್ಗೆ ಎದ್ದು ಮಕ್ಕಳ ಮುಖ ನೋಡುವ ಮುಂಚೆ ನಾನು ಅದರ ಮುಖ ನೋಡುತ್ತಿದ್ದೆ.

ಮಕ್ಕಳ ಮುಂದೆ ಒಂದು ಮಾತು ಆಡುವಾಗ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಮಗೆಲ್ಲಿ ಗೊತ್ತಿರುತ್ತದೆ? "ಚಿಂದಿ ಕಟ್ಟಿದ್ದನ್ನ ಯಾರೂ ಕೊಯ್ಯಬಾರ್ದು, ಯಾರೂ ಒಯ್ಯಬಾರ್ದು" ಎಂದು ನಾನು ಹೇಳಿದ್ದು ಸೋರೆಕಾಯಿಗೆ. ಅವರು ತಿಳಿದುಕೊಂಡದ್ದು ಲೋಕಕ್ಕೆಲ್ಲ. ಟ್ರಂಕಿನಲ್ಲಿದ್ದ ಚಿಂದಿಗಳು ಒಂದೊಂದಾಗಿ ಹೊರಬಂದವು. ಮೊದಲು ಬೇವಿನ ಮರಕ್ಕೆ. ಆಮೇಲೆ ಗೌರಿಯ ಮುರಿದ ಸ್ಲೇಟಿಗೆ, ನೀಲಾಳ ತಲೆದಿಂಬಿಗೆ, ಬಾಗಿಲ ಚಿಲಕಕ್ಕೆ. ಒಂದು ದಿನ ಕುಕ್ಕರಿನ ಹಿಡಿಕೆಗೂ ಇತ್ತು. ಮಕ್ಕಳ ಹಟಕ್ಕೆ ಯಾದಮ್ಮನಿಂದ ತಂದ ಕೆಂಪು ಕೋಳಿಯ ಕಾಲಿಗೂ ಒಂದು ಕಟ್ಟಿದ್ದರು, ಅದನ್ನು ಹಬ್ಬಕ್ಕೆ ಕೊಯ್ಯಬಹುದು ಎಂಬ ಗುಮಾನಿಯಿಂದ. ನಾವು ಕೋಳಿ ತಿನ್ನುವವರಲ್ಲ ಎಂದರೂ ಕೇಳಲಿಲ್ಲ.

ಆ ಕೋಳಿ ಚಿಂದಿ ಎಳೆದುಕೊಂಡು ಯಾದಮ್ಮನ ಅಂಗಳಕ್ಕೆ ಹೋಯಿತು. ಅವಳು ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಗಾಬರಿಯಿಂದ ಬಂದಳು. "ಏಂದಮ್ಮಾ, ಏ ದೇವುನಿಕಿ ಮೊಕ್ಕಿನ್ರು? ಮುಡುಪು ಕಟ್ಟಿನ ಕೋಡಿನಿ ಗಿಟ್ಲ ಇಡ್ಸಿಪೆಡ್ತರಾ?" ಎಂದಳು. ಅವರ ಕಡೆ ಬಟ್ಟೆ ಕಟ್ಟಿದರೆ ಅದು ಹರಕೆ, ಮುಡುಪು. ಯಾವ ದೇವರಿಗೆ ಕಟ್ಟಿದ್ದೀರಿ, ಕಟ್ಟಿದ ಮೇಲೆ ಹೀಗೆ ಬೀದಿಗೆ ಬಿಡಬಹುದೇ ಎಂದು ಕೇಳುತ್ತಿದ್ದಳು. ಅಷ್ಟರಲ್ಲಿ ಬೇವಿನ ಮರದ ಚಿಂದಿ ಕಣ್ಣಿಗೆ ಬಿದ್ದು ಚಪ್ಪಲಿ ಬಿಟ್ಟು ಕೈ ಮುಗಿದಳು. ಕುಕ್ಕರನ್ನು ನಾನು ಸೆರಗಿನಲ್ಲಿ ಮುಚ್ಚಿಕೊಂಡೆ. ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಕ್ವಾರ್ಟರ್ಸಿನ ತೆಲುಗೆಲ್ಲ ಮುಗಿಯಿತು, ಅವಳ ನಗುವೂ ಶುರುವಾಯಿತು.

ಆವತ್ತು ನಾನು ಕಾನೂನು ಮಾಡಿದೆ. ಮನೆಯ ಚಿಂದಿಗಳನ್ನೆಲ್ಲ ಬಿಚ್ಚಿ ಟ್ರಂಕಿಗೆ ಹಾಕಿ ಬೀಗ ಹಾಕಿದೆ. ಈ ಮನೆಯಲ್ಲಿ ಇನ್ನು ಒಂದೇ ಚಿಂದಿ, ಅದು ಸೋರೆಕಾಯಿಯದು ಎಂದು ಬೆರಳೆತ್ತಿ ಸಾರಿದೆ. ಗೌರಿ ತಲೆ ಆಡಿಸಿದಳು. ನೀಲಾ ಆಡಿಸಲಿಲ್ಲ, ಆದರೆ ಅವಳು ಯಾವುದಕ್ಕೂ ತಲೆ ಆಡಿಸುವವಳಲ್ಲ, ನನ್ನದೇ ತಳಿ.

ಕಾಯಿ ಬಲಿಯುವ ಮುಂಚೆಯೇ ಫ್ಲ್ಯಾಟು ಖಾಲಿಯಾಗುವ ಸುದ್ದಿ ಬಂತು. ಒಂದು ಭಾನುವಾರ ಬಾಡಿಗೆಯವರು ಫೋನು ಮಾಡಿ ತಿಂಗಳ ಕೊನೆಗೆ ಬಿಡುತ್ತೇವೆ ಎಂದರು. ನಮ್ಮ ಮನೆಯವರ ಮುಖ ಅರಳಿತು, ನನ್ನದು ಬಿಗಿಯಿತು. ಅವರ ಕಷ್ಟ ನನಗೆ ಗೊತ್ತಿರಲಿಲ್ಲ ಎಂದಲ್ಲ. ಮಳೆಯಲ್ಲಿ ಬೈಕು, ನಿಲ್ಲಲು ಜಾಗವಿಲ್ಲದ ರೈಲು, ಮನೆಗೆ ಬರುವ ಹೊತ್ತಿಗೆ ಮಕ್ಕಳು ಅರ್ಧ ನಿದ್ದೆ. ಆದರೂ ಮಾತು ಅಂದರೆ ಮಾತು ಎಂದೆ.

"ಕಾಯಿ ಇನ್ನಾ ಹಸರೈತಿ, ಅದು ಯಾವಾಗ ಒಣಗಬೇಕು? ಸೋರೆಕಾಯಿ ಸಲುವಾಗಿ ಯಾರರೆ ಮನಿ ಖಾಲಿ ಇಡ್ತಾರೇನು?" ಎಂದರು.

"ಇಡ್ರಿ. ನಾ ಬರಂಗಿಲ್ಲ."

"ಹಂಗಾದ್ರ ನೀವು ಇಲ್ಲೇ ಇರ್ರಿ, ತಾಯಿ ಮಕ್ಕಳು! ನಾ ಒಬ್ಬನ ಹೋಗ್ತೀನಿ ಕೂಕಟ್‌ಪಲ್ಲಿಗೆ!"

ಗಂಡ ಹೆಂಡತಿ ಸಿಟ್ಟಿನಲ್ಲಿ ಆಡುವ ಮಾತು, ಅದಕ್ಕೆ ಉದ್ದ ಅಗಲ ಇರುವುದಿಲ್ಲ. ಅವರು ಎದ್ದು ಬೈಕು ಒರೆಸಲು ಹೋದರು, ನಾನು ಪಲ್ಯಕ್ಕೆ ಉಪ್ಪು ಹಾಕಲಿಲ್ಲ. ನೀಲಾ ಕಟ್ಟೆಯ ಮೇಲೆ ಹುಣಸೆಬೀಜ ಎಣಿಸುತ್ತಾ ಕೂತಿದ್ದಳು. ಅವಳಿಗೆ ಎಣಿಕೆ ಬರುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ಅದೇ ಸಂಜೆ ಇವರ ಅಣ್ಣನ ಮನೆಯಿಂದ ಅತ್ತೆ ಬಂದಿಳಿದರು, ಸಾಮಾನು ಕಟ್ಟಲು ಸಹಾಯಕ್ಕೆಂದು. ಇವರು ಫೋನಿನಲ್ಲಿ ಹೇಳಿಬಿಟ್ಟಿದ್ದರು.

ಸೋಮವಾರ ನಸುಕಿನಲ್ಲಿ ನಾನು ಬುತ್ತಿ ಕಟ್ಟುತ್ತಿದ್ದೆ. ದಿನಾ ಅಪ್ಪ ಬೈಕು ಹತ್ತುವಾಗ ನೀಲಾ ಅತ್ತು ಹೊಲ ಎಬ್ಬಿಸುತ್ತಾಳೆ. ಅವತ್ತು ಅಂಗಳದಲ್ಲಿ ಅವಳ ದನಿ, "ಕೈ ನೀಡು. ಅಲ್ಲಾಡಬ್ಯಾಡ" ಎಂದದ್ದು ಕೇಳಿತು. ಆಮೇಲೆ ಬೈಕು ಹೋದ ಸದ್ದು. ಅಳು ಇಲ್ಲ. ಸದ್ಯ, ಒಂದು ದಿನವಾದರೂ ಅಳಲಿಲ್ಲವಲ್ಲ ಎಂದು ನಾನು ಗೌರಿಯ ಜಡೆ ಹೆಣೆಯಲು ಕೂತೆ. ಅವಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ, ಹಾಲು ತೆಗೆದುಕೊಂಡು, ಯಾದಮ್ಮನ ಜೊತೆ ನಾಲ್ಕು ಮಾತಾಡಿ ಮನೆಗೆ ಬಂದರೆ ಒಗ್ಗರಣೆಯ ಘಮ. ಅತ್ತೆ ಒಲೆಯ ಮುಂದಿದ್ದರು. ಪರಾತದ ತುಂಬ ಸೋರೆಕಾಯಿಯ ಹೋಳು.

ನಾನು ಚಪ್ಪರದ ಕಡೆ ಓಡಿದೆ. ಬಳ್ಳಿ ಇತ್ತು, ತೊಟ್ಟಿತ್ತು, ಕಾಯಿ ಇರಲಿಲ್ಲ. ನನಗೆ ಆಮೇಲೆ ಏನು ಅಂದೆ ಎಂಬುದು ಸರಿಯಾಗಿ ನೆನಪಿಲ್ಲ, ಕೂಗಿದ್ದು ಮಾತ್ರ ನಿಜ. ಅತ್ತೆ ಸೌಟು ಹಿಡಿದೇ ಹೊರಗೆ ಬಂದರು.

"ಏನಾತು? ಸಿಪ್ಪಿ ಸ್ವಲ್ಪ ದಪ್ಪಾಗಿತ್ತು, ಆದ್ರೂ ಉಗುರು ಇಳೀತು. ಇನ್ನೆರಡ ದಿನಾ ಬಿಟ್ಟಿದ್ರ ಹಾಳಾಗತಿತ್ತು ಅಂತ ಕೊಯ್ದೆ."

"ಚಿಂದಿ ಕಟ್ಟಿದ್ದಿಲ್ಲೇನ್ರಿ ಅತ್ತಿ? ಕಣ್ಣಿಗೆ ಕಾಣಲಿಲ್ಲೇನು?"

ಅವರ ಮುಖದ ಬಣ್ಣವೇ ಬದಲಾಯಿತು. ನಮ್ಮ ಅತ್ತೆ ನನ್ನ ಮೇಲೆ ಸಿಟ್ಟಾದದ್ದು ಬಹಳ ಸಲ ನೋಡಿದ್ದೇನೆ. ನೊಂದದ್ದು ನೋಡಿದ್ದು ಆವತ್ತೇ. "ಚಿಂದಿ ಇದ್ರ ನಾ ಮುಟ್ಟತಿದ್ದೆನೇನವಾ? ಬೀಜಕ್ಕ ಬಿಟ್ಟಿದ್ದನ್ನ ಕೊಯ್ಯುವಂಥಾಕಿ ಅಂತ ತಿಳದಿಯೇನು ನನ್ನ? ಈ ಮನಿ ನನಗ ಸೇರಂಗಿಲ್ಲ, ಖರೇ. ಆದ್ರ ಅಂಥಾ ಕೆಲಸ ನನ್ನ ಕೈಲೆ ಆಗಂಗಿಲ್ಲ" ಎಂದು ಸೌಟನ್ನು ಕಟ್ಟೆಯ ಮೇಲಿಟ್ಟು ಅಲ್ಲೇ ಕೂತುಬಿಟ್ಟರು.

ಚಿಂದಿ ಎಲ್ಲಿ ಹೋಯಿತು? ಗಾಳಿಗೆ ಉದುರಿತೇ ಎಂದು ಚಪ್ಪರದ ಕೆಳಗೆ ಹುಡುಕಿದೆ. ಮಂಗ ಬಿಚ್ಚಿತೇ? ನಾನೇ ಸಡಿಲಾಗಿ ಕಟ್ಟಿದ್ದು ಹೆಚ್ಚಾಯಿತೇ? ನೀಲಾಳನ್ನು ಕೇಳಿದರೆ ಬಾಯಲ್ಲಿ ಹುಣಸೆಬೀಜ ಹಾಕಿಕೊಂಡು ಕೂತಳು. ಮಧ್ಯಾಹ್ನ ನಾನು ಉಣ್ಣಲಿಲ್ಲ. ಸೋತದ್ದು ಸೋತದ್ದೇ. ಕೊಟ್ಟ ಮಾತಿಗೆ ಬಾಯಿ ತೆಗೆಯುವಂತಿಲ್ಲ. ಅಟ್ಟದಿಂದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿ ಕೋಣೆಯ ನಡುವೆ ಇಟ್ಟೆ. ಗೌರಿ ಶಾಲೆಯಿಂದ ಬಂದವಳು ಪೆಟ್ಟಿಗೆ ನೋಡಿ, ತಾನು ಹಚ್ಚಿದ ಪತ್ರಾವಳಿಗಳನ್ನು ತಂದು ಮೊದಲ ಪೆಟ್ಟಿಗೆಯಲ್ಲಿ ಇಟ್ಟಳು. ಆಗ ನನಗೆ ಅಳು ಬಂತು.

ಸಂಜೆ ಅವರು ದಿನದಕ್ಕಿಂತ ಬೇಗ ಬಂದರು. ಹೊತ್ತು ಮುಳುಗಲು ಇನ್ನೂ ಸ್ವಲ್ಪವಿತ್ತು. ಪೆಟ್ಟಿಗೆಗಳನ್ನು ನೋಡಿದರು, ನನ್ನನ್ನು ನೋಡಿದರು, ಕೈಕಾಲು ತೊಳೆಯಲು ಹಿಂದೆ ಹೋದರು. ಅಂಗಿಯ ತೋಳು ಮೇಲಕ್ಕೆ ಮಡಿಸಿದಾಗ ಕಂಡಿತು: ಬಲಗೈ ಮಣಿಕಟ್ಟಿಗೆ ಹಸಿರು ಚಿಂದಿ. ಮೇಲೊಂದು, ಅದರ ಮೇಲೊಂದು, ಅದರ ಮೇಲೆ ಮತ್ತೊಂದು ಗಂಟು.

ನೀಲಾ ಓಡಿ ಹೋಗಿ ಅವರ ಕೈ ಹಿಡಿದು ಗಂಟನ್ನು ಎಳೆದು ನೋಡಿದಳು. "ಬಿಚ್ಚಿಲ್ಲ" ಎಂದಳು, ನಮಗೆಲ್ಲ ಕೇಳುವಂತೆ.

"ಬಿಚ್ಚಬಾರ್ದು ಅಂದಿದ್ದೆಲ್ಲವಾ ನೀ" ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, "ರೈಲಿನಾಗ ಒಬ್ಬ ಕೇಳಿದ, ಯಾವ ದರ್ಗಾದ್ದು ಅಂತ. ನಮ್ಮ ಸೂಪರ್‌ವೈಸರ್ ಅಂತೂ ಚಿಂದಿ ಬಿಚ್ಚು, ಇಲ್ಲಾಂದ್ರ ಮಷೀನ್ ಬಿಡು ಅಂದ. ತಿರುಗೋ ಲೇತಿನ ಮುಂದ ಕೈಗೆ ದಾರ ಸೈತ ಇರಬಾರ್ದು, ರೂಲ್ಸ್ ಐತಿ."

"ಮತ್ತ?"

"ಮಷೀನ್ ಬಿಟ್ಟೆ. ಇಡೀ ದಿನಾ ಟೇಬಲ್ ಮುಂದ ಕುಂತು ಬ್ಯಾರೆಯವರು ಮಾಡಿದ ಪಾರ್ಟಿನ ಅಳತಿ ಹಿಡದೆ."

ಮಷೀನು ಬಿಡುವುದೆಂದರೆ ಅವರಿಗೆ ಏನೆಂದು ನನಗೆ ಗೊತ್ತು. ಜ್ವರ ಬಂದಾಗಲೂ ಇನ್ನೊಬ್ಬನ ಕೈಗೆ ಕೊಡದ ಮಷೀನು ಅದು. ಆ ಚಿಂದಿ ಯಾವುದೆಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ, ಟ್ರಂಕಿನದು ಅಂದುಕೊಂಡಿದ್ದರು. ಹೇಳಿದವರು ಅತ್ತೆ. "ಬೀಜದ ಕಾಯಿದು ಬಿಚ್ಚಿ ನಿನಗ ಕಟ್ಟ್ಯಾಳಪ ಆಕಿ. ನಾ ಕಾಯಿ ಬರೇ ನೋಡಿ ಕೊಯ್ದಬಿಟ್ಟೆ" ಎಂದರು.

ಅವರು ಚಪ್ಪರದ ಕಡೆ ನೋಡಿದರು. ಖಾಲಿ ತೊಟ್ಟು ನೋಡಿದರು. ಕೆಳಗೆ ಕೂತು ಮಗಳನ್ನು ತೊಡೆಯ ನಡುವೆ ನಿಲ್ಲಿಸಿಕೊಂಡು ಕೇಳಿದರು. "ಕಾಯಿದ್ಯಾಕ ಬಿಚ್ಚಿದೆವ್ವಾ?"

"ಬ್ಯಾರೆ ಚಿಂದಿ ಇಲ್ಲ. ಅವ್ವ ಬೀಗ ಹಾಕ್ಯಾಳ."

"ಮತ್ತ ಕಾಯಿ ಹೋತಲ್ಲ?"

"ನೀ ಹೋಗ್ತೀನಿ ಅಂದಿ" ಎಂದಳು ನೀಲಾ. ಅವಳ ದನಿಯಲ್ಲಿ ಅಳು ಇರಲಿಲ್ಲ, ನಮ್ಮ ಮೇಲೆ ಬೇಸರವಿತ್ತು, ಇಷ್ಟು ಸರಳವಾದದ್ದು ದೊಡ್ಡವರಿಗೆ ತಿಳಿಯುವುದಿಲ್ಲವಲ್ಲ ಎಂಬಂತೆ. "ಕಾಯಿ ಮತ್ತ ಬಿಡತೈತಿ."

ಆಮೇಲೆ ಅವರು ಊಟಕ್ಕೆ ಕೂತು ಪಲ್ಯ ಹಾಕಿಸಿಕೊಂಡು ಉಂಡರು. ಅತ್ತೆಗೂ ಒಂದು ತುತ್ತು ಬಲವಂತ ಮಾಡಿದರು. ನಾನು ಬಡಿಸುತ್ತಾ ನಿಂತೆ. ಸೋತವಳು ಏನು ಕೇಳಬೇಕು? ಅವರೇ ಎಲೆ ಮಡಿಸಿ ಎದ್ದು, "ಟ್ರಂಕಿನ ಕೀಲಿ ಎಲ್ಲೈತಿ?" ಎಂದರು.

"ಯಾಕ್ರಿ?"

"ಒಂದು ಚಿಂದಿ ಹರದ ಕೊಡು. ಇದನ್ನ ಬಿಚ್ಚಾಕ ಈಕಿ ಬಿಡಂಗಿಲ್ಲ." ಅದು ಅವರ ಜೇಬು ಸೇರಿದ್ದು ಆಮೇಲೆ, ಗಂಟು ಬಿಚ್ಚದೆ ಕೈಯಿಂದ ಜಾರಿಸಲು ನೀಲಾ ಒಪ್ಪಿದ ಮೇಲೆ.

ನಾನು ಟ್ರಂಕು ತೆಗೆದೆ. ಹರಿದಿಟ್ಟ ಚಿಂದಿಗಳು ರಾಶಿ ಇದ್ದವು, ಆದರೂ ಅದೇ ಹಸಿರು ಸೀರೆ ಎತ್ತಿ, ಅಂಚು ಕಚ್ಚಿ, ಎಳೆದೆ. ಪರ್ರ್ ಎಂದು ಮನೆಯೆಲ್ಲ ಕೇಳಿಸಿತು. ಅವರು ಅದನ್ನು ತೆಗೆದುಕೊಂಡು ಏಣಿ ಹಾಕಿ ಚಪ್ಪರ ಹತ್ತಿದರು. ಗೌರಿ ಏಣಿ ಹಿಡಿದಳು. ಎಲೆಗಳ ನಡುವೆ ಬಹಳ ಹೊತ್ತು ತಡಕಾಡಿ, "ಇಲ್ಲೊಂದು ಐತಿ" ಎಂದರು. ಮೈತುಂಬ ರೋಮ, ತುದಿಗೆ ಬಾಡಿದ ಹೂವು, ಕಿರುಬೆರಳಿಗಿಂತ ಚಿಕ್ಕ ಹೀಚು. ಇದು ಬಲಿತು, ಒಣಗಿ, ಬುರುಡೆಯಾಗಬೇಕಾದರೆ ಇನ್ನೂ ಎಷ್ಟು ತಿಂಗಳು ಎಂದು ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಅವರು.

ಅತ್ತೆ ಕಟ್ಟೆಯ ಮೇಲಿಂದ ಕೂಗಿದರು. "ನೋಡಿ ಕಟ್ಟೋ ಶರಣ್ಯಾ, ಬಿಗೀಬ್ಯಾಡ."

ಅವರು ಇಳಿದು ಬಂದ ಮೇಲೆ ನಾನು ಏಣಿ ಹತ್ತಿ ನೋಡಿದೆ. ಬಿಗಿದಿರಲಿಲ್ಲ. ಆ ಪುಟ್ಟ ತೊಟ್ಟಿನ ಸುತ್ತ ನನ್ನ ಎರಡು ಬೆರಳು ಹಿಡಿಸುವಷ್ಟು ಜಾಗ ಬಿಟ್ಟಿದ್ದರು.